ಕ್ರಿಸ್ತನ ಮಾತು, ಮುದಗಲ್ಲಿನ ನೆಲ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಕ್ರೈಸ್ತ ದೈವಶಾಸ್ತ್ರದ ಮೇಲೆ ಒಂದು ನೆಲದ ಸಂಸ್ಕೃತಿ ಹೇಗೆ ತನ್ನ ಗುರುತನ್ನು ಬಿಡುತ್ತದೆ ಎಂಬುದು ಇವತ್ತಿನ ವಿಷಯ. ಈ ಪ್ರಶ್ನೆಯನ್ನು ಎತ್ತಿಕೊಂಡವರು ಸಾಮಾನ್ಯವಾಗಿ ರೋಮ್‌ನಿಂದ ಮಾತು ತೆಗೆಯುತ್ತಾರೆ, ಜರ್ಮನಿಯ ಪಂಡಿತರ ಮೂಲಕ ಹಾದು, ಕೊನೆಗೆ ಪುರುಸೊತ್ತಿದ್ದರೆ ಭಾರತಕ್ಕೆ ಬರುತ್ತಾರೆ. ನಾನು ಮುದಗಲ್ಲಿನಿಂದಲೇ ಶುರುಮಾಡುತ್ತೇನೆ. ಅಭಿಮಾನಕ್ಕಾಗಿ ಹೀಗೆ ಮಾಡುತ್ತಿಲ್ಲ. ಈ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಡುವ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಬ್ರಿಟಿಷರ ಕಾಲದ ಗೆಜೆಟಿಯರು ಇಲ್ಲಿಯ ಇಗರ್ಜಿಗೆ 1557ರ ಕಾಲವನ್ನು ಹೇಳುತ್ತದೆ. ಸಂತ ಫ್ರಾನ್ಸಿಸ್ ಜೇವಿಯರ್ ಅವರ ಹಾದಿಯಲ್ಲಿ ಗೋವೆಯಿಂದ ಬಂದ ಪಾದ್ರಿಗಳ ಕೈಯಲ್ಲಿ ಇಲ್ಲಿಯ ಹಿರೀಕರು ಕ್ರೈಸ್ತರಾದರು ಎಂಬ ನೆನಪೂ ಅದರಲ್ಲಿ ದಾಖಲಾಗಿದೆ. ಆ ಕಾಲವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ಸೀಮೆಗಾಗಿ ವಿಜಯನಗರವೂ ಬಿಜಾಪುರವೂ ತಲೆತಲಾಂತರದಿಂದ ಕಾದಾಡುತ್ತಿದ್ದವು. ಮುದಗಲ್ಲಿನ ಕೋಟೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಲೇ ಇತ್ತು. 1565ರ ತಾಳಿಕೋಟೆ ಯುದ್ಧಕ್ಕೆ ಮುನ್ನ ಬಿಜಾಪುರದವರು ವಿಜಯನಗರದ ರಾಮರಾಯನಿಂದ ವಾಪಸು ಕೇಳಿದ ಕೋಟೆಗಳಲ್ಲಿ ರಾಯಚೂರಿನ ಜೊತೆ ಮುದಗಲ್ಲೂ ಇತ್ತು. ಆಮೇಲೆ ಆದಿಲ್‌ಶಾಹಿ, 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಮೊಗಲರು, ಅವರ ನಂತರ 1948ರವರೆಗೆ ನಿಜಾಮರು. ಈ ರಾಯಚೂರು ದೋಆಬು ಬ್ರಿಟಿಷರ ವಶದಲ್ಲಿದ್ದ 1853ರಿಂದ 1860ರವರೆಗಿನ ಏಳು ವರ್ಷ ಬಿಟ್ಟರೆ, ಮುದಗಲ್ಲಿನ ಕ್ರೈಸ್ತನ ಬೆನ್ನಿಗೆ ಅವನ ಧರ್ಮದ ದೊರೆ ಒಬ್ಬನೂ ನಿಂತಿರಲಿಲ್ಲ.

ನನ್ನ ಇವತ್ತಿನ ಮಾತೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಅಧಿಕಾರ ಕೈಯಲ್ಲಿದ್ದ ಸಭೆ ಆಜ್ಞೆ ಹೊರಡಿಸಬಹುದು. ಅಧಿಕಾರವಿಲ್ಲದ ಸಭೆ ನೆರೆಯವನ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಹಾಗೆ ಕೊಟ್ಟ ಉತ್ತರಗಳಲ್ಲಿ ದೈವಶಾಸ್ತ್ರ ಹುಟ್ಟುತ್ತದೆ.

ಗೋವೆಯನ್ನು ಪಕ್ಕದಲ್ಲಿ ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1560ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಬಂತು. ದೇವಸ್ಥಾನಗಳನ್ನು ಕೆಡವಿದರು, ಹಳೆಯ ಗ್ರಂಥಗಳನ್ನು ನಿಷೇಧಿಸಿದರು. 1684ರಲ್ಲಿ ಜನರಾಡುವ ಕೊಂಕಣಿಯನ್ನೇ ಬಿಡಿಸುವ ವೈಸರಾಯನ ಆಜ್ಞೆ ಹೊರಟಿತು. ಅಂಥ ಗೋವೆಯಲ್ಲೂ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಕುಳಿತು ಓವಿಯ ಧಾಟಿಯಲ್ಲಿ ಕ್ರಿಸ್ತಪುರಾಣವನ್ನು ಬರೆದ. 1616ರಲ್ಲಿ ರಾಚೋಲಿನಲ್ಲಿ ಅಚ್ಚಾದ ಆ ಕಾವ್ಯದಲ್ಲಿ 11,000ದ ಹತ್ತಿರ ಓವಿಗಳಿವೆ. ಅದರಲ್ಲಿ ಸ್ವರ್ಗ ವೈಕುಂಠವಾಗಿದೆ. ತಮ್ಮ ಪುರಾಣಗಳನ್ನು ಕಳೆದುಕೊಂಡ ಜನರಿಗೆ ಓದಿ ಕೇಳಲು ಏನೂ ಉಳಿದಿಲ್ಲ ಎಂಬ ಕೊರಗನ್ನು ಸ್ಟೀಫನ್ಸ್ ಅರ್ಥಮಾಡಿಕೊಂಡಿದ್ದ. ಆಜ್ಞೆಯ ನಾಡಿನಲ್ಲೂ ಜನರ ಕಿವಿಯನ್ನು ಮುಟ್ಟಲು ಜನರ ರಾಗವೇ ಬೇಕಾಯಿತು. ಆ ಪುರಾಣವನ್ನು ಬಹುಕಾಲ ಕಾಪಾಡಿಕೊಂಡು ಬಂದವರು ನಮ್ಮ ಮಂಗಳೂರಿನ ಕಡೆಯ ಕ್ರೈಸ್ತರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಗೋವೆಯ ಗಡಿ ದಾಟಿ ಘಟ್ಟದ ಮೇಲಿನ ಸೀಮೆಗೆ ಬಂದ ಪಾದ್ರಿಗೆ ರಾಜಾಜ್ಞೆಯ ಬಲ ಇರಲಿಲ್ಲ. ಬಿಜಾಪುರದ ಆಸ್ಥಾನಕ್ಕೆ 1561ರಲ್ಲಿ ಹೋದ ಯೇಸುಸಭೆಯ ಗೊನ್ಸಾಲೊ ರೊಡ್ರಿಗಸ್ ಅಲ್ಲಿ ಅತಿಥಿಯಾಗಿ ವಾದಿಸಬೇಕಿತ್ತು. 1649ರ ಹೊತ್ತಿಗೆ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶ ಬರೆದು, ಸನ್ಯಾಸಿಯ ಬಾಳನ್ನು ಒಪ್ಪಿಕೊಂಡ. ಹೊರಗಿನಿಂದ ಬಂದ ಧರ್ಮದ ಮಾತನ್ನು ಕೇಳಿಸಿಕೊಳ್ಳುವುದು ಈ ಸೀಮೆಗೇನೂ ಹೊಸದಲ್ಲ. ಮಗಧದಲ್ಲಿ ಹೊರಟ ಬೌದ್ಧ ಧರ್ಮದ ಮಾತು ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿನ ಸಮೇತ ಇಂದಿಗೂ ಇದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ದೈವಶಾಸ್ತ್ರ ಎಂಬುದು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಒಂದೇ, ಊರೂರಿಗೆ ಅದನ್ನು ಬದಲಾಯಿಸುವುದು ಸತ್ಯವನ್ನು ಕಲಬೆರಕೆ ಮಾಡಿದ ಹಾಗೆ ಎಂದು ಪ್ರಾಮಾಣಿಕವಾಗಿ ನಂಬುವವರಿದ್ದಾರೆ. ಅವರನ್ನು ನಾನು ಗೌರವದಿಂದ ಕೇಳುತ್ತೇನೆ: ನೀವು ಬದಲಾಗದ ಸತ್ಯವೆನ್ನುವ ಸೂತ್ರಗಳು ಯಾವ ಊರಿನವು? 325ರಲ್ಲಿ ನಿಸಿಯಾದಲ್ಲಿ, 451ರಲ್ಲಿ ಕಾಲ್ಸೆಡಾನಿನಲ್ಲಿ ಸೇರಿದ ಧರ್ಮಾಧ್ಯಕ್ಷರು ಕ್ರಿಸ್ತನ ದೈವತ್ವ, ಮನುಷ್ಯತ್ವಗಳನ್ನು ವಿವರಿಸಲು ಗ್ರೀಕ್ ತತ್ವಶಾಸ್ತ್ರದ ಪರಿಕಲ್ಪನೆಗಳನ್ನು ತೆಗೆದುಕೊಂಡರು. ಗಲಿಲಾಯದ ಬೆಸ್ತರಿಗೆ ಆ ಪರಿಭಾಷೆ ತಿಳಿದಿರಲಿಲ್ಲ. 1098ರ ಸುಮಾರಿಗೆ ಕ್ಯಾಂಟರ್‌ಬರಿಯ ಆನ್ಸೆಲ್ಮ್, ದೇವರು ಯಾಕೆ ಮನುಷ್ಯನಾದ ಎಂದು ಬರೆಯುವಾಗ ಪಾಪವನ್ನು ಒಡೆಯನ ಮಾನಕ್ಕೆ ಬಂದ ಭಂಗವೆಂದು, ಶಿಲುಬೆಯನ್ನು ಆ ಮಾನಭಂಗಕ್ಕೆ ಸಂದ ಪರಿಹಾರವೆಂದು ತೂಗಿದ. ಯುರೋಪಿನ ಪಾಳೆಯಗಾರಿಕೆಯಲ್ಲಿ ಬೆಳೆದ ಮನಸ್ಸಿಗೆ ಆ ವಿವರಣೆ ಸಹಜವಾಗಿತ್ತು. ಅವರಿಗೂ ಒಂದು ನೆಲ ಇತ್ತು. ತಮ್ಮ ನೆಲವನ್ನು ಅವರು ಇಡೀ ಲೋಕವೆಂದು ತಿಳಿದುಕೊಂಡರು, ಅಷ್ಟೆ.

ಈಗ ನಮ್ಮ ನೆಲಕ್ಕೆ ಬರೋಣ. ಕ್ರಿಸ್ತ ಯಾರು ಎಂದು ನೆರೆಯವನಿಗೆ ಹೇಳುವುದು ಹೇಗೆ? ಮದ್ರಾಸಿನಲ್ಲಿ 1920ರ ದಶಕದಲ್ಲಿ ವಿ. ಚಕ್ಕರೈ, ಎ.ಜೆ. ಅಪ್ಪಸಾಮಿ ಎಂಬ ಇಬ್ಬರು ದೊಡ್ಡ ಚಿಂತಕರು ಇದನ್ನೇ ಯೋಚಿಸಿದರು. ಚಕ್ಕರೈ ಯೇಸುವನ್ನು ಅವತಾರವೆಂದು ಕರೆದು ಪುಸ್ತಕ ಬರೆದರು. ಅಪ್ಪಸಾಮಿ ಕ್ರೈಸ್ತ ಧರ್ಮವನ್ನು ಭಕ್ತಿಮಾರ್ಗವಾಗಿ ಕಂಡರು. ಭಾರತೀಯ ಕ್ರೈಸ್ತ ದೈವಶಾಸ್ತ್ರದ ಪಠ್ಯಗಳಲ್ಲಿ ಅವತಾರ ಇವತ್ತಿಗೂ ಮೊದಲ ಸೇತುವೆ. ವೈಷ್ಣವ ಪರಿಸರದಲ್ಲಿ, ಉಡುಪಿಯಲ್ಲೋ ಮೇಲುಕೋಟೆಯಲ್ಲೋ, ಆ ಸೇತುವೆ ದಾಟಿಸೀತು.

ಲಿಂಗಸುಗೂರಿನಲ್ಲಿ ಅದು ದಾಟಿಸುವುದಿಲ್ಲ. ಈ ಸೀಮೆಯ ಧಾರ್ಮಿಕ ಮನಸ್ಸನ್ನು ಕಟ್ಟಿದ್ದು ಶರಣರು. ಹುಟ್ಟುವ ಸಾಯುವ ದೈವಗಳನ್ನು ಶರಣರು ನೇರವಾಗಿಯೇ ನಿರಾಕರಿಸಿದರು. ಶಿವ ಅವತಾರವೆತ್ತುವವನಲ್ಲ, ತಾಯಿಯ ಬಸಿರಿನಿಂದ ಬರುವವನಲ್ಲ. ಬೆತ್ಲೆಹೇಮಿನಲ್ಲಿ ದೇವರು ಕೂಸಾದ, ಗೊಲ್ಗೊಥದಲ್ಲಿ ಸತ್ತ ಎಂದು ಇಲ್ಲಿಯ ಲಿಂಗವಂತ ಒಕ್ಕಲಿಗನಿಗೆ ಹೇಳಿದರೆ ಅವನ ಮನಸ್ಸಿನಲ್ಲಿ ಏಳುವ ಮೊದಲ ಅನುಮಾನ, ಸಾಯುವುದು ದೇವರು ಹೇಗಾದೀತು ಎಂಬುದು. ಅದು ಅಜ್ಞಾನದ ಪ್ರಶ್ನೆಯಲ್ಲ. ಎಂಟುನೂರು ವರ್ಷಗಳ ಚಿಂತನೆಯಿಂದ ಬಂದ ಪ್ರಶ್ನೆ. ಅದಕ್ಕೆ ಮದ್ರಾಸಿನ ಉತ್ತರ ಸಾಲದು.

ಇಲ್ಲಿ ತೆರೆದಿರುವ ಬಾಗಿಲು ಗುರುವಿನದು. ಲಿಂಗವಂತರ ಅಷ್ಟಾವರಣದಲ್ಲಿ ಮೊದಲ ಹೆಸರೇ ಗುರು. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಕೊಡೇಕಲ್ಲಿನ ಬಸವಣ್ಣನ ಪರಂಪರೆ ಹತ್ತಿರದಲ್ಲೇ ಇದೆ. ತತ್ವಪದ ಹಾಡುವ ಭಜನೆಯ ಮೇಳ ಯಾವ ಜಾತಿಯದೇ ಆಗಿರಲಿ, ಅದರ ಕೇಂದ್ರದಲ್ಲಿ ಗುರುವೇ ಇರುತ್ತಾನೆ. ಇಲ್ಲಿಯ ಗುರು ಪಾಠ ಹೇಳಿ ಹೋಗುವವನಲ್ಲ. ಶಿಷ್ಯನ ಕರ್ಮವನ್ನು ತನ್ನ ಮೇಲೆ ಎಳೆದುಕೊಳ್ಳುವವನು, ತಲೆಯ ಮೇಲೆ ಕೈಯಿಟ್ಟು ಹೊಸ ಹುಟ್ಟು ಕೊಡುವವನು, ದೇವರಿಗೂ ಮನುಷ್ಯನಿಗೂ ನಡುವಿನ ಭೇದ ಯಾವನಲ್ಲಿ ಕರಗಿದೆಯೋ ಅವನು. ನಿಕೊದೇಮನೊಡನೆ ರಾತ್ರಿ ಕುಳಿತು ಮರುಹುಟ್ಟಿನ ಮಾತಾಡಿದ, ಶಿಷ್ಯರ ಪಾದ ತೊಳೆದ ಯೇಸು ಈ ಕಣ್ಣಿಗೆ ಕೂಡಲೇ ಗುರುತು ಸಿಗುತ್ತಾನೆ. ಪಾದ ತೊಳೆಯುವುದಂತೂ ಇನ್ನೂ ಆಳಕ್ಕೆ ಇಳಿಯುತ್ತದೆ. ಶಿಷ್ಯನು ಗುರುವಿನ ಪಾದೋದಕ ತೆಗೆದುಕೊಳ್ಳುವ ನಾಡಿನಲ್ಲಿ ಗುರುವೇ ಬಗ್ಗಿ ಶಿಷ್ಯನ ಪಾದ ತೊಳೆಯುವ ದೃಶ್ಯ ಕೇಳುವವನನ್ನು ಅಲ್ಲಾಡಿಸುತ್ತದೆ. ಆ ಕಥೆ ರೋಮ್‌ನಲ್ಲಿ ಕೇಳುವುದಕ್ಕಿಂತ ಮುದಗಲ್ಲಿನಲ್ಲಿ ಹೆಚ್ಚು ಕೇಳಿಸುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬಲಿಯ ವಿಚಾರವೂ ಹೀಗೆಯೇ ನೆಲವನ್ನು ಕೇಳುತ್ತದೆ. ಫರ್ಡಿನಾಂಡ್ ಕಿಟ್ಟೆಲ್ ಎಂದರೆ ನಮಗೆ 1894ರ ನಿಘಂಟು ನೆನಪಾಗುತ್ತದೆ. ಅವರು 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಬರೆದರು. ಯಜ್ಞದ ಮೇಲೂ ಬರೆದು, ವೈದಿಕರ ಯಜ್ಞದಿಂದ ಕ್ರಿಸ್ತನ ಬಲಿಯ ಕಡೆಗೆ ದಾರಿ ಹುಡುಕಿದರು. ದೊಡ್ಡ ಪ್ರಯತ್ನ. ಆದರೆ ಯಜ್ಞವನ್ನೇ ಬೇಡವೆಂದ, ಹೋಮದ ಹೋತಕ್ಕಾಗಿ ಮರುಗಿದ ಶರಣರ ನೆಲದಲ್ಲಿ ಆ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಇಲ್ಲಿಯ ಊರಿನದೇ ಇನ್ನೊಂದು ಕೇರಿಯಲ್ಲಿ ದ್ಯಾಮವ್ವ ದುರುಗವ್ವರಿಗೆ ಕೋಣ ಕುರಿ ಕಡಿಯುವುದನ್ನು ಕಂಡು ಬೆಳೆದವನಿಗೆ ರಕ್ತ, ಬಲಿ, ಊರಿನ ಪಾಪ ಕಳೆಯುವುದು ಎಲ್ಲವೂ ಗೊತ್ತು. ದೇವರ ಕುರಿಮರಿ ಎಂಬ ಮಾತು ಅವನಿಗೆ ತಟ್ಟನೆ ತಟ್ಟುತ್ತದೆ, ಲಿಂಗವಂತನಿಗೆ ತೊಡಕಾಗುತ್ತದೆ. ಒಂದೇ ಊರಿನ ಎರಡು ಕೇರಿಗೆ ಒಂದೇ ಉಪದೇಶ ಸಾಲದ ಸ್ಥಿತಿ ಇದು. ‘ಭಾರತೀಯ ಸಂಸ್ಕೃತಿ’ ಎಂದು ಏಕವಚನದಲ್ಲಿ ಮಾತಾಡುವ ದೈವಶಾಸ್ತ್ರಜ್ಞರು ಇಲ್ಲಿ ಬಂದು ಒಂದು ವಾರ ಇರಬೇಕು.

ಇನ್ನು ಮುದಗಲ್ಲಿನ ಹೆಸರನ್ನು ದೂರದೂರಕ್ಕೆ ಒಯ್ದ ಮೊಹರಂ. ಹುಸೇನಿ ಆಲಂನ ದರ್ಶನಕ್ಕೆ ಬರುವ ಜನರಲ್ಲಿ ಮುಸಲ್ಮಾನರಷ್ಟೇ ಇರುವುದಿಲ್ಲ. ಅಲಾಯಿ ಕುಣಿ, ಹೆಜ್ಜೆ ಕುಣಿತ, ರಿವಾಯತಿನ ಪದ ಎಲ್ಲ ಜಾತಿಯವರವೂ ಹೌದು. ಕರ್ಬಲಾದಲ್ಲಿ ನೀರಿಲ್ಲದೆ, ನ್ಯಾಯಕ್ಕಾಗಿ, ತನ್ನವರ ಸಮೇತ ಮಡಿದ ಹುಸೇನರ ಕಥೆಯನ್ನು ಕನ್ನಡದಲ್ಲಿ ಹಾಡಿ ಅಳುವ ಊರು ಇದು. ಶುಭ ಶುಕ್ರವಾರದ ದಿನ ಇಲ್ಲಿಯ ಕ್ರೈಸ್ತ ಶಿಲುಬೆಯ ಹಾದಿಯನ್ನು ಧ್ಯಾನಿಸುವಾಗ, ನಿರಪರಾಧಿಯ ನೆತ್ತರಿಗಾಗಿ ಊರೆಲ್ಲ ಅಳುವುದು ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಮೊಹಲ್ಲಾ ಕಲಿಸಿದೆ. ಆದರೂ ಇಲ್ಲಿ ಮುಚ್ಚಿಡಬಾರದ ಭೇದ ಒಂದಿದೆ. ಕುರಾನಿನಲ್ಲಿ ಮರಿಯಮ್ಮನ ಹೆಸರಿನ ಅಧ್ಯಾಯವೇ ಉಂಟು, ಈಸಾ ಗೌರವದ ಪ್ರವಾದಿ. ಆದರೆ ಅವರನ್ನು ಕೊಲ್ಲಲಿಲ್ಲ, ಶಿಲುಬೆಗೆ ಏರಿಸಲಿಲ್ಲ ಎನ್ನುತ್ತದೆ ಕುರಾನ್. ತನ್ನ ಪ್ರವಾದಿಯನ್ನು ದೇವರು ಶತ್ರುಗಳ ಕೈಗೆ ಬಿಡಲಾರ ಎಂಬ ನಂಬಿಕೆ ಅದರ ಹಿಂದಿದೆ. ಹುಸೇನರ ಮರಣಕ್ಕಾಗಿ ಎದೆ ಬಡಿದುಕೊಳ್ಳುವ ನೆರೆಯವನು ಈಸಾರ ಮರಣವನ್ನು ಒಪ್ಪುವುದಿಲ್ಲ. ಮುದಗಲ್ಲಿನ ಕ್ರೈಸ್ತ ಈ ಎರಡನ್ನೂ ನೂರಾರು ವರ್ಷಗಳಿಂದ ಕೇಳುತ್ತ ಬಂದಿದ್ದಾನೆ. ದೇವರು ಸೋಲನ್ನು ಯಾಕೆ ತಾಳಿಕೊಂಡ ಎಂಬ ಪ್ರಶ್ನೆ ಅವನಿಗೆ ಪುಸ್ತಕದ್ದಲ್ಲ, ಪಕ್ಕದ ಮನೆಯದು.

ಬೂದಿಯ ಮಾತೂ ಇದೆ. ತಪಸ್ಸುಕಾಲದ ಮೊದಲ ದಿನ ಕಥೋಲಿಕರು ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಅದು ವಿಭೂತಿ ಬುಧವಾರ. ಯುರೋಪಿನಲ್ಲಿ ಅದು ಸಾವಿನ ನೆನಪು, ಮಣ್ಣಿನಿಂದ ಬಂದವನು ಮಣ್ಣಿಗೆ ಹೋಗುವ ಎಚ್ಚರ. ಅಷ್ಟಾವರಣದ ನಾಡಿನಲ್ಲಿ ವಿಭೂತಿ ಕೃಪೆಯ ಗುರುತು, ಮೈಯನ್ನು ಕಾಯುವ ಆವರಣ. ಇಲ್ಲಿಯ ಮುದುಕಿ ಹಣೆಯೊಡ್ಡಿ ನಿಂತಾಗ ಅವಳ ಮನಸ್ಸಿನಲ್ಲಿ ಸಾವೂ ಕೃಪೆಯೂ ಒಟ್ಟಿಗೆ ಇರುತ್ತವೆ. ಅವಳ ತಿಳಿವಳಿಕೆ ತಪ್ಪು ಎನ್ನಲು ನನಗೆ ಮನಸ್ಸಾಗದು. ಈಸ್ಟರ್‌ಗೆ ಹೊರಟ ದಾರಿಯ ಮೊದಲ ಹೆಜ್ಜೆಯಲ್ಲಿ ಕೃಪೆ ಇರಲೇಬೇಕು. ರೋಮ್‌ನ ಪೂಜಾವಿಧಿ ಮೆಲ್ಲಗೆ ಹೇಳಿದ್ದನ್ನು ಅವಳು ಗಟ್ಟಿಯಾಗಿ ಕೇಳಿಸಿಕೊಂಡಿದ್ದಾಳೆ. ಕುರಿಗಾಹಿಯ ಸಾಮ್ಯವನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ: ಕಂಬಳಿ ಹೊದ್ದು ಹೊಲದಲ್ಲಿ ಮಂದೆ ನಿಲ್ಲಿಸಿ ರಾತ್ರಿ ಕಾಯುವ ಕುರುಬರ ನಡುವೆ ಬದುಕುವವರಿಗೆ ಯೋಹಾನನ ಹತ್ತನೆಯ ಅಧ್ಯಾಯಕ್ಕೆ ಟಿಪ್ಪಣಿ ಬೇಡ.

ಈ ದಾರಿಯಲ್ಲಿ ನಡೆದ ದೊಡ್ಡ ಕನ್ನಡಿಗರೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಉತ್ತಂಗಿ ಚನ್ನಪ್ಪನವರು 1881ರಲ್ಲಿ ಹುಟ್ಟಿದರು, ಬಾಸೆಲ್ ಮಿಶನ್ನಿನ ಸಭಾಪಾಲಕರಾದರು. ಸರ್ವಜ್ಞನ ತ್ರಿಪದಿಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು, ಶರಣ ಸಾಹಿತ್ಯಕ್ಕೆ ತಮ್ಮ ಬದುಕನ್ನೇ ಕೊಟ್ಟರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಈ ಪಾದ್ರಿಯೇ ಅಧ್ಯಕ್ಷರು. ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’ ಎಂಬ ಅವರ ಪುಸ್ತಕದ ಹೆಸರಿನಲ್ಲೇ ಅವರ ನಿಲುವು ಇದೆ: ಬೆತ್ಲೆಹೇಮು ಅಪ್ಪಣೆ ಮಾಡುವುದಿಲ್ಲ, ವಿನಂತಿಸುತ್ತದೆ. ವಚನಗಳನ್ನು ಅವರು ಮತಪ್ರಚಾರದ ಸಾಧನವಾಗಿ ಓದಲಿಲ್ಲ. ಓದಿ ತಾವೇ ಬದಲಾದರು. ಕ್ರೈಸ್ತನಾಗಿ ಉಳಿದೇ ಶರಣರ ಮುಂದೆ ಶಿಷ್ಯನಾಗಿ ಕೂರಬಹುದು ಎಂದು ತೋರಿಸಿಕೊಟ್ಟರು. ಅವರನ್ನು ನಮ್ಮ ಸೆಮಿನರಿಗಳು ಇನ್ನೂ ದೈವಶಾಸ್ತ್ರಜ್ಞರೆಂದು ಓದಿಸುತ್ತಿಲ್ಲ, ಸಾಹಿತ್ಯ ಸಂಶೋಧಕರೆಂದು ಬದಿಗಿಡುತ್ತವೆ. ಇದು ಅನ್ಯಾಯ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ನೆಲದ ಸಂಸ್ಕೃತಿ ಎಂದರೆ ತತ್ವಪದ, ಮೊಹರಂ, ವಿಭೂತಿ ಮಾತ್ರವಲ್ಲ. ಜಾತಿಯೂ ಅದರಲ್ಲಿದೆ. ಮಧುರೆಗೆ 1606ರಲ್ಲಿ ಬಂದ ಪಾದ್ರಿ ರಾಬರ್ಟೊ ದೆ ನೊಬಿಲಿ ಕಾವಿ ಉಟ್ಟು, ಜನಿವಾರ ಜುಟ್ಟುಗಳನ್ನು ಕ್ರೈಸ್ತನೂ ಇಟ್ಟುಕೊಳ್ಳಬಹುದೆಂದು ವಾದಿಸಿದ. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಒಪ್ಪಿಗೆ ಕೊಟ್ಟರು. ಸಂಸ್ಕೃತಿಯನ್ನು ಗೌರವಿಸಿದ ಮಹಾನುಭಾವ ಎಂದು ನಾವು ಆತನನ್ನು ಕೊಂಡಾಡುತ್ತೇವೆ. ಆದರೆ ಮೇಲುಜಾತಿಯವರಿಗೆ ಒಂದು ಬಗೆಯ ಸ್ವಾಮಿ, ಕೆಳಜಾತಿಯವರಿಗೆ ಇನ್ನೊಂದು ಬಗೆಯ ಸ್ವಾಮಿ ಎಂಬ ಏರ್ಪಾಡೂ ಆ ಮಿಶನ್ನಿನಲ್ಲೇ ಬೆಳೆಯಿತು. ಆಮೇಲೆ ಇಂಥ ಆಚಾರಗಳ ಮೇಲೆ 1704ರಲ್ಲಿ ಪಾಂಡಿಚೇರಿಯಲ್ಲಿ ಪೋಪರ ಪ್ರತಿನಿಧಿ ತುರ್ನೋನ್ ಹೊರಡಿಸಿದ ನಿಷೇಧ, 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಕೊಟ್ಟ ಕೊನೆಯ ತೀರ್ಪು, ಇವೆಲ್ಲ ಬಂದವು. ಆಚಾರಗಳಿಗೆ ಬಿದ್ದ ಪೆಟ್ಟು ಜಾತಿಗೆ ಬೀಳಲಿಲ್ಲ. ಅದು ಇಗರ್ಜಿಯ ಒಳಗೇ ಉಳಿದುಕೊಂಡಿತು.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರದ ಹೊಸ ಮಾತು ಶುರುವಾಯಿತು. ಭಾರತೀಯ ಕ್ರೈಸ್ತ ಚಿಂತನೆ ಅದುವರೆಗೆ ಬ್ರಾಹ್ಮಣ ತತ್ವಶಾಸ್ತ್ರದೊಡನೆ ಮಾತ್ರ ಮಾತಾಡಿತು, ಸಭೆಯಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಇರುವ ದಲಿತರ ನೋವಿನೊಡನೆ ಮಾತಾಡಲಿಲ್ಲ ಎಂಬ ಅವರ ಆರೋಪಕ್ಕೆ ಉತ್ತರವಿರಲಿಲ್ಲ. ಇನ್ನೊಂದು ಕಡೆ 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದ ಮೇಲೂ ದಲಿತ ಕ್ರೈಸ್ತ ಹೊರಗೇ ಉಳಿದ. ಕ್ರೈಸ್ತನೆಂದು ದಾಖಲೆಯಲ್ಲಿ ಬರೆಸಿದರೆ ಸವಲತ್ತು ಹೋಗುತ್ತದೆ, ಬರೆಸದಿದ್ದರೆ ಹೆಸರು ಹೋಗುತ್ತದೆ. ಹೊಲದಲ್ಲಿ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಶಾಲೆಯ ಅರ್ಜಿಯಲ್ಲಿ ಮಗನ ಧರ್ಮದ ಕಾಲಂ ತುಂಬುವಾಗ ಪಡುವ ಸಂಕಟ ಕ್ರೈಸ್ತ ದೈವಶಾಸ್ತ್ರದ ಪ್ರಶ್ನೆ. ಪೇತ್ರ ಮೂರು ಸಲ ಅಲ್ಲಗಳೆದ ಕಥೆಯನ್ನು ಅವಳ ಮುಂದೆ ಓದುವ ಪಾದ್ರಿ ಎರಡು ಸಲ ಯೋಚಿಸಿ ಓದಬೇಕು.

ಪೂಜೆಯಲ್ಲೂ ಇದೇ ಅರೆಕೊರೆ ಕಾಣುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ಪೂಜಾವಿಧಿಯ ಶಾಸನ 1963ರಲ್ಲಿ ಜನಭಾಷೆಗೆ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ, ಬೈಬಲ್, ಧರ್ಮೋಪದೇಶ, ಪೂಜಾವಿಧಿಗಳ ಕಥೋಲಿಕ ರಾಷ್ಟ್ರೀಯ ಕೇಂದ್ರದಲ್ಲಿ ಫಾದರ್ ಅಮಲೋರ್‌ಪವದಾಸ್ ಅವರ ಮುಂದಾಳ್ತನದಲ್ಲಿ ಆರತಿ, ದೀಪ, ಅಂಜಲಿ, ನೆಲದ ಮೇಲೆ ಕೂರುವ ಪೂಜೆ ಮುಂತಾದ ಹೊಂದಾಣಿಕೆಗಳು ರೂಪುಗೊಂಡವು. 1969ರಲ್ಲಿ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿತು. ಅವರ ಕೆಲಸದ ಬೆಲೆ ದೊಡ್ಡದು. ಆದರೂ ಅದರಲ್ಲಿ ಗುಡಿಯ ಗರ್ಭಗೃಹದ ಭಾರತ ಹೆಚ್ಚು ಕಂಡಿತು. ಡೊಳ್ಳು ಹಲಗೆಗಳ, ರಿವಾಯತಿನ, ವಚನದ ಭಾರತ ಕಡಿಮೆ ಕಂಡಿತು. ಈಗ ಇನ್ನೊಂದು ಅಲೆ ಬಂದಿದೆ. ಕೀಬೋರ್ಡು, ಧ್ವನಿವರ್ಧಕ, ಯೂಟ್ಯೂಬಿನ ಹಾಡುಗಳು ಸಿಂಧನೂರಿನಲ್ಲೂ ಹೈದರಾಬಾದಿನಲ್ಲೂ ಒಂದೇ ರಾಗದಲ್ಲಿ ಕೇಳಿಸುತ್ತಿವೆ. ಆ ಹಾಡುಗಳಲ್ಲಿ ಭಕ್ತಿಗೆ ಕೊರತೆಯಿಲ್ಲ. ಆದರೆ ನೆರೆಯವನ ಪ್ರಶ್ನೆ ಅವುಗಳಲ್ಲಿ ಇಲ್ಲ. ಅವು ತಮ್ಮವರಿಗೆ ಮಾತ್ರ ಹಾಡಿಕೊಂಡವು.

ಹಾಗಾದರೆ ನೆಲದಿಂದ ಬಂದದ್ದೆಲ್ಲ ಒಪ್ಪಿತವೇ? ಅಲ್ಲ. ನನ್ನ ಒರೆಗಲ್ಲು ಒಂದೇ, ಅದನ್ನು ಪಾದ ತೊಳೆದ ದೃಶ್ಯದಿಂದಲೇ ತೆಗೆದುಕೊಂಡಿದ್ದೇನೆ. ಊರಿನಿಂದ ತೆಗೆದುಕೊಂಡ ಯಾವ ಆಚಾರ, ಯಾವ ಕಲ್ಪನೆ ಸಣ್ಣವನನ್ನು ದೊಡ್ಡವನ ಮುಂದೆ ಬಗ್ಗಿಸುತ್ತದೋ ಅದನ್ನು ಇಗರ್ಜಿ ಹೊಸ್ತಿಲಲ್ಲೇ ತಡೆಯಬೇಕು. ದೊಡ್ಡವನನ್ನು ಸಣ್ಣವನ ಮುಂದೆ ಬಗ್ಗಿಸುವುದನ್ನು ಒಳಗೆ ಕರೆದುಕೊಳ್ಳಬೇಕು. ಈ ಲೆಕ್ಕದಲ್ಲಿ ಗುರು, ಪ್ರಸಾದ, ದಾಸೋಹ ಒಳಗೆ ಬರುತ್ತವೆ, ಜಾತಿ ಹೊರಗೆ ಹೋಗುತ್ತದೆ. ಶರಣರು ಇದೇ ಒರೆಗಲ್ಲನ್ನು ಹನ್ನೆರಡನೆಯ ಶತಮಾನದಲ್ಲಿ ಹಿಡಿದಿದ್ದರು ಎಂಬುದು ಈ ನೆಲದ ಕ್ರೈಸ್ತರಿಗೆ ಸಿಕ್ಕಿರುವ ದೊಡ್ಡ ನೆರವು.

ಕೊನೆಯದಾಗಿ ಎರಡು ವಿನಂತಿ. ಕರ್ನಾಟಕದ ಸೆಮಿನರಿಗಳಲ್ಲಿ ಗ್ರೀಕ್, ಲ್ಯಾಟಿನ್ ಕಲಿಸುವವರು ವಚನ, ತತ್ವಪದ, ಮೊಹರಂ ಪದಗಳಿಗೂ ಪಠ್ಯದಲ್ಲಿ ಜಾಗ ಕೊಡಬೇಕು. ಉತ್ತಂಗಿಯವರನ್ನು ದೈವಶಾಸ್ತ್ರಜ್ಞರೆಂದು ಓದಿಸಬೇಕು. ಎರಡನೆಯದು ಮುದಗಲ್ಲಿನವರಿಗೆ. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಉಳಿದಿರುವ ಶಿಲುಬೆಯ ಪದ, ಮಾತೆಯ ಹಾಡು, ಮದುವೆಯ ಸೋಬಾನೆ, ಸಾವಿನ ಮನೆಯ ಪ್ರಾರ್ಥನೆ ಎಲ್ಲವನ್ನೂ ಈಗಲೇ ಧ್ವನಿಮುದ್ರಿಸಿ. ಪೆಟ್ಟಿಗೆಯಲ್ಲಿರುವ ಹಳೆಯ ಕೈಬರಹ, ಹಳೆಯ ಸಮಾಧಿಕಲ್ಲಿನ ಬರಹ ಸಿಕ್ಕರೆ ಚಿತ್ರ ತೆಗೆದಿಡಿ. ಹಾಡು ಗೊತ್ತಿರುವವರು ಎಲ್ಲರೂ ವಯಸ್ಸಾದವರು. ಇಲ್ಲಿಯ ಕಾಲೇಜಿನ ಕನ್ನಡ ವಿದ್ಯಾರ್ಥಿಗಳು ಕೈಜೋಡಿಸಿದರೆ ಬರುವ ಮೊಹರಂ, ಈಸ್ಟರ್‌ಗಳ ನಡುವೆ ಈ ಕೆಲಸ ಶುರುವಾಗಬಹುದು. ದಯವಿಟ್ಟು ಶುರುಮಾಡಿ.